ಸಿಬೆಲಿಯುಸ್ ನಂತರದ ಒಂಟಿ ವಯೊಲಿನ್: ಫಿನ್ಲೆಂಡಿನ ಆಧುನಿಕ ರಚನೆಗಳನ್ನು ಎಲ್ಲಿಂದ ಕೇಳತೊಡಗಬೇಕು?

ಮಲ್ಲೇಶ್ವರದ ಕೇಳುಗ

ಮಾನ್ಯರೇ, ಫಿನ್ಲೆಂಡಿನ ಶಾಸ್ತ್ರೀಯ ಸಂಗೀತವೆಂದರೆ ನನ್ನ ಮಟ್ಟಿಗೆ ಇದುವರೆಗೆ ಸಿಬೆಲಿಯುಸ್ ಒಬ್ಬರೇ ಆಗಿದ್ದಾರೆ, ಅದರಲ್ಲೂ ಅವರ ವಯೊಲಿನ್ ಕಾನ್ಚೆರ್ಟೊ, ಅಂದರೆ ವಾದ್ಯವೃಂದದೊಡನೆ ವಯೊಲಿನ್ ಮುಂದೆ ನಿಂತು ನುಡಿಸುವ ಕೃತಿ. 1904ರಲ್ಲಿ ಹೆಲ್ಸಿಂಕಿಯಲ್ಲಿ ಮೊದಲು ನುಡಿಸಲ್ಪಟ್ಟು, ತಿದ್ದುಪಡಿಯ ನಂತರ 1905ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ವೇದಿಕೆಯೇರಿದ ಆ ಕೃತಿಯ ಮೊದಲ ಭಾಗದಲ್ಲಿ, ಸಾಮಾನ್ಯವಾಗಿ ಕೊನೆಗೆ ಬರುವ ಕಾಡೆನ್ಝಾವನ್ನು, ಅಂದರೆ ವಾದಕ ಒಬ್ಬನೇ ನುಡಿಸುವ ಭಾಗವನ್ನು, ಸಿಬೆಲಿಯುಸ್ ನಟ್ಟನಡುವೆ ತಂದಿರಿಸಿದ್ದಾರೆ. ವಾದ್ಯವೃಂದ ಸುಮ್ಮನಾಗಿ, ಅದು ಮಾಡಬೇಕಾದ ಕೆಲಸವನ್ನೆಲ್ಲ ವಯೊಲಿನ್ ಒಂದೇ ವಹಿಸಿಕೊಳ್ಳುವ ಆ ಕೆಲವು ನಿಮಿಷಗಳೇ ನನಗೆ ಇಡೀ ಕೃತಿಯಲ್ಲಿ ಹೆಚ್ಚು ಪ್ರಿಯವಾದವು.

ನನ್ನ ಪ್ರಶ್ನೆ ಅಲ್ಲಿಂದಲೇ ಹುಟ್ಟಿದ್ದು. ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಫಿನ್ಲೆಂಡಿನ ರಚನಕಾರರು ಪಿಯಾನೊ, ವಾದ್ಯವೃಂದ ಯಾವುದರ ಆಸರೆಯೂ ಇಲ್ಲದೆ ವಯೊಲಿನ್ ಒಂದಕ್ಕೇ ಏನೇನು ಬರೆದಿದ್ದಾರೆ, ಮತ್ತು ಹೊಸಬನೊಬ್ಬ ಯಾವುದರಿಂದ ಆರಂಭಿಸುವುದು ಒಳಿತು? ಪಾಶ್ಚಾತ್ಯ ಸ್ವರಲಿಪಿ ನನಗೆ ಅಷ್ಟಾಗಿ ಓದಲು ಬಾರದು. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಯಾದ್ದರಿಂದ, ನಿಲ್ಲಲು ಒಂದು ನೆಲೆಯಿಲ್ಲದ ಸಂಗೀತದಲ್ಲಿ ಬೇಗ ದಾರಿ ತಪ್ಪುತ್ತೇನೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಒಂಟಿ ಕಮಾನು

ಕೇಳುಗ ಅವರೇ, ನೆಲೆ ಬೇಕೆಂದು ನೀವೇ ಹೇಳಿರುವುದರಿಂದ ನನ್ನ ಉತ್ತರ ಸುಲಭವಾಯಿತು. ಎಸಾ-ಪೆಕ್ಕಾ ಸಾಲೊನೆನ್ ಅವರು 2002ರಲ್ಲಿ ಬರೆದ ‘ಲಾಹೆನ್ ಫರ್ಲೆರ್ನ್ಟ್’ ಎಂಬ ಕೃತಿಯಿಂದ ಆರಂಭಿಸಿ. 1958ರಲ್ಲಿ ಹುಟ್ಟಿದ ಸಾಲೊನೆನ್ ಅವರನ್ನು ಹೆಚ್ಚಿನವರು ಬಲ್ಲುದು ವಾದ್ಯವೃಂದದ ನಿರ್ದೇಶಕರಾಗಿ. ಲಾಸ್ ಏಂಜಲೀಸ್ ಫಿಲ್ಹಾರ್ಮೋನಿಕ್ ಅನ್ನು 1992ರಿಂದ 2009ರವರೆಗೆ ನಡೆಸಿದವರು ಅವರು. ತಮ್ಮನ್ನು ಮೊದಲು ರಚನಕಾರನೆಂದೇ ಕಂಡುಕೊಂಡಿದ್ದ ಮನುಷ್ಯನಿಗೆ ಬರೆಯಲು ಬಿಡುವೇ ಸಿಗದ ಕಾಲದಲ್ಲಿ ಹುಟ್ಟಿದ ಕೃತಿ ಇದು. ಕ್ಯಾಲಿಫೋರ್ನಿಯಾದ ಲಾ ಹೋಯಾ ಬೇಸಿಗೆ ಉತ್ಸವಕ್ಕಾಗಿ ವಯೊಲಿನ್ ವಾದಕ ಚೋ-ಲಿಯಾಂಗ್ ಲಿನ್ ಅವರಿಗೆಂದು ಬರೆದದ್ದು, ಹತ್ತು ನಿಮಿಷದಷ್ಟು ಅವಧಿಯದು.

ಇದನ್ನು ಮೊದಲು ಸೂಚಿಸಲು ಕಾರಣ ಅದರ ಕಟ್ಟು. ಇದೊಂದು ಶಕಾನ್, ಅಂದರೆ ಸ್ವರಮೇಳಗಳ (ಒಟ್ಟಿಗೆ ಕೇಳಿಸುವ ಸ್ವರಗಳ ಗುಂಪುಗಳ) ಒಂದು ನಿರ್ದಿಷ್ಟ ಸರಣಿ ಮತ್ತೆ ಮತ್ತೆ ಸುತ್ತಿ ಬರುತ್ತದೆ ಮತ್ತು ಅದರ ಮೇಲಿನ ಪದರ ಮಾತ್ರ ಬದಲಾಗುತ್ತ ಹೋಗುತ್ತದೆ. ಆರಂಭದಲ್ಲಿ ನಿಧಾನವಾದ, ಹಾಡಿಕೆಯಂಥ ರೇಖೆಯಿದೆ. ಅದೇ ರೇಖೆ ಸುತ್ತಿನಿಂದ ಸುತ್ತಿಗೆ ಒಡೆಯುತ್ತ, ಬಿಗಿಯಾಗುತ್ತ, ವೇಗ ಪಡೆಯುತ್ತ, ಕಡೆಗೆ ಕಮಾನು ತಂತಿಯಿಂದ ತಂತಿಗೆ ಹುಚ್ಚೆದ್ದು ಜಿಗಿಯುವ ಹಂತಕ್ಕೆ ಮುಟ್ಟಿ, ಅಲ್ಲಿಂದ ಒಂದು ಚಿಕ್ಕ ಉಪಸಂಹಾರದಲ್ಲಿ ಮೊದಲಿನ ಭಾವಕ್ಕೆ ಇಳಿಯುತ್ತದೆ. ಮೊದಲ ಎರಡು ನಿಮಿಷಗಳನ್ನು ಮಾತ್ರ ಪದೇ ಪದೇ ಕೇಳಿ ಆ ಸರಣಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ, ಮುಂದಿನ ಗದ್ದಲದಲ್ಲೂ ನಿಮಗೆ ನೆಲೆ ತಪ್ಪುವುದಿಲ್ಲ. ‘ನಗುವುದನ್ನು ಮರೆತೆ’ ಎಂಬರ್ಥದ ಶೀರ್ಷಿಕೆ ಬಂದಿರುವುದು ವಿಯೆನ್ನಾದ ರಚನಕಾರ ಷೋನ್‌ಬೆರ್ಗ್ ಅವರ 1912ರ ‘ಪಿಯೆರೊ ಲ್ಯೂನೇರ್’ ಕೃತಿಯ ಒಂದು ಪ್ರಾರ್ಥನಾಗೀತೆಯಿಂದ. ಅದು ತಿಳಿದಿದ್ದರೆ ಆ ಕೊನೆಯ ಹುಚ್ಚಿನಲ್ಲಿ ಕೌಶಲ ಪ್ರದರ್ಶನವಲ್ಲದ ಬೇರೊಂದು ಕೇಳಿಸುತ್ತದೆ.

ಇದಾದ ಮೇಲೆ ಫಿನ್ಲೆಂಡಿನ ರಚನಕಾರ್ತಿ ಕಾಯ್ಯಾ ಸಾರಿಯಾಹೊ ಅವರ ‘ನೊಕ್ಟ್ಯೂರ್ನ್’ ಕೇಳಿ. ಪೋಲೆಂಡಿನ ರಚನಕಾರ ಲುತೊಸ್ಲಾವ್ಸ್ಕಿ ಅವರು 1994ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಅವರ ನೆನಪಿಗೆ ಬರೆದ ಪುಟ್ಟ ಕೃತಿ. ಆ ಸಮಯದಲ್ಲಿ ಸಾರಿಯಾಹೊ ‘ಗ್ರಾಲ್ ತೆಯಾತ್ರ್’ ಎಂಬ ತಮ್ಮ ವಯೊಲಿನ್ ಕಾನ್ಚೆರ್ಟೊದಲ್ಲಿ ತೊಡಗಿದ್ದರು. ಅದರ ಸಾಮಗ್ರಿಯೇ ಇಲ್ಲಿ ಒಂಟಿ ವಯೊಲಿನ್‌ಗೆ ಒದಗಿದೆ. ಆದರೆ ಇದನ್ನು ಎರಡನೆಯದಾಗಿಯೇ ಕೇಳಬೇಕು, ಮೊದಲಿಗೆ ಬೇಡ.

ಶ್ರುತಿಬದ್ಧ

ನಾನು ಎರಡನ್ನೂ ಕೇಳಿ ಬಂದು ಬರೆಯುತ್ತಿದ್ದೇನೆ. ಸಾಲೊನೆನ್ ಅವರದು ಒಪ್ಪಿಗೆಯಾಯಿತು. ಕಟ್ಟು ಸ್ಪಷ್ಟವಾಗಿದೆ, ಶ್ರಮಕ್ಕೆ ಫಲವಿದೆ. ‘ನೊಕ್ಟ್ಯೂರ್ನ್’ ವಿಷಯದಲ್ಲಿ ಮಾತ್ರ ನಾನು ನೇರವಾಗಿ ಹೇಳಬೇಕು: ಕೆಲವೆಡೆ ಅದು ತಗಡಿನ ಮೇಲೆ ಮೊಳೆ ಎಳೆದಂತೆ ಕೇಳಿಸಿತು. ಸ್ವರವೊಂದು ಹುಟ್ಟುತ್ತದೆ, ಅದು ಎಲ್ಲಿಗೋ ಹೋಗುತ್ತದೆಂದು ಕಾಯುತ್ತೇವೆ, ಅಷ್ಟರಲ್ಲಿ ವಾದಕಿ ಕಮಾನನ್ನು ಒತ್ತಿ ಅದನ್ನು ಕೆಡಿಸುತ್ತಾರೆ. ನಮ್ಮಲ್ಲಿ ಎಳೆಯ ವಿದ್ಯಾರ್ಥಿಗೆ ಮೊದಲ ವರ್ಷವೆಲ್ಲ ಯಾವ ಸದ್ದು ಬಾರದಂತೆ ನೋಡಿಕೊಳ್ಳಲು ಕಲಿಸುತ್ತಾರೋ, ಆ ಸದ್ದನ್ನೇ ಇಲ್ಲಿ ಬರೆದುಕೊಟ್ಟು ನುಡಿಸಿಸುವುದು ಏಕೆ? ವ್ಯಂಗ್ಯವಿಲ್ಲದೆ ಕೇಳುತ್ತಿದ್ದೇನೆ, ನಿಜವಾಗಿಯೂ ತಿಳಿಯಬೇಕಾಗಿದೆ.

ಒಂಟಿ ಕಮಾನು

ಶ್ರುತಿಬದ್ಧ ಅವರೇ, ನ್ಯಾಯವಾದ ಪ್ರಶ್ನೆ. ತುಸು ದೀರ್ಘವಾಗಿ ಉತ್ತರಿಸುತ್ತೇನೆ, ಏಕೆಂದರೆ ಸಾರಿಯಾಹೊ ಅವರ ವಯೊಲಿನ್ ಬರಹವೆಲ್ಲ ನಿಂತಿರುವುದೇ ಈ ಪ್ರಶ್ನೆಯ ಮೇಲೆ.

ಕಮಾನು ತಂತಿಯ ಮೇಲೆ ಎಲ್ಲಿ ಓಡುತ್ತದೆ, ಎಷ್ಟು ಭಾರ ಹಾಕುತ್ತದೆ, ಎಷ್ಟು ವೇಗವಾಗಿ ಚಲಿಸುತ್ತದೆ ಎಂಬ ಮೂರರಿಂದ ನಾದದ ಬಣ್ಣ ನಿರ್ಧಾರವಾಗುತ್ತದೆ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ತೀರ ಸಮೀಪದಲ್ಲಿ ಎಳೆದರೆ ಮೂಲಸ್ವರ ಕ್ಷೀಣಿಸಿ ಅದರ ಮೇಲಿನ ಉಪಸ್ವರಗಳು ಗಾಜಿನ ಚೂರಿನಂತೆ ಹೊಳೆದು ಮೇಲೆ ಬರುತ್ತವೆ. ಬೆರಳು ಓಡುವ ಹಲಗೆಯ ಮೇಲೆ ಹಗುರಾಗಿ ಎಳೆದರೆ ಸ್ವರ ಉಸಿರಿನಂತೆ ಟೊಳ್ಳಾಗುತ್ತದೆ. ತಂತಿಯನ್ನು ಒತ್ತದೆ ನಿರ್ದಿಷ್ಟ ಜಾಗದಲ್ಲಿ ಬೆರಳ ತುದಿಯಿಂದ ಮುಟ್ಟಿದರೆ ಕೊಳಲಿನಂಥ ಹಾರ್ಮೋನಿಕ್ ಸಿಗುತ್ತದೆ. ಭಾರ ಮಿತಿ ಮೀರಿದಾಗ ತಂತಿಯ ಕ್ರಮಬದ್ಧ ಕಂಪನವೇ ಮುರಿದು ಗರಗರ ಸದ್ದು ಉಳಿಯುತ್ತದೆ. ಈ ನಾಲ್ಕೂ ವಾದ್ಯದ ಒಳಗೇ ಇರುವ ಸಾಧ್ಯತೆಗಳು. ಹೊರಗಿನಿಂದ ತಂದು ಹಾಕಿದ್ದು ಯಾವುದೂ ಇಲ್ಲ.

ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿ 1982ರಿಂದ ಕಂಪ್ಯೂಟರಿನ ನೆರವಿನಿಂದ ನಾದವನ್ನು ಸೀಳಿ ನೋಡಿದ ಸಾರಿಯಾಹೊ, ಶುದ್ಧ ನಾದ ಒಂದು ತುದಿಯಲ್ಲೂ ಸದ್ದು ಇನ್ನೊಂದು ತುದಿಯಲ್ಲೂ ಇರುವ ಒಂದು ಅಕ್ಷವನ್ನು ಕಲ್ಪಿಸಿಕೊಂಡು, ಹಳೆಯ ಸಂಗೀತದಲ್ಲಿ ಸಂವಾದಿ ಮತ್ತು ವಿಸಂವಾದಿ ಸ್ವರಮೇಳಗಳು ಮಾಡುತ್ತಿದ್ದ ಕೆಲಸವನ್ನು, ಅಂದರೆ ಬಿಗಿ ಹುಟ್ಟಿಸಿ ಸಡಿಲಿಸುವ ಕೆಲಸವನ್ನು, ಆ ಅಕ್ಷಕ್ಕೆ ವಹಿಸಿದರು. ಈ ಬಗ್ಗೆ ಅವರು 1987ರಲ್ಲಿ ಒಂದು ಪ್ರಬಂಧವನ್ನೂ ಪ್ರಕಟಿಸಿದ್ದಾರೆ. ಹಾಗಾಗಿ ನಿಮಗೆ ಕೆಡಿಸಿದಂತೆ ತೋರಿದ ಜಾಗ ಅವರ ವ್ಯಾಕರಣದಲ್ಲಿ ಬಿಗಿಯ ಶಿಖರ. ಅಲ್ಲಿಂದ ಹಾರ್ಮೋನಿಕ್ ಕಡೆಗೆ ಹೊರಳಿದಾಗ ಅದೇ ಪರಿಹಾರ. ‘ನೊಕ್ಟ್ಯೂರ್ನ್’ ಅನ್ನು ಮತ್ತೊಮ್ಮೆ ಕೇಳುವಾಗ ಸ್ವರ ಮೇಲೆ ಹೋಯಿತೋ ಕೆಳಗೆ ಬಂತೋ ಎಂಬುದನ್ನು ಬಿಟ್ಟು, ಈಗ ತಿಳಿಯಾಗುತ್ತಿದೆಯೋ ಕದಡುತ್ತಿದೆಯೋ ಎಂಬುದನ್ನಷ್ಟೇ ಹಿಂಬಾಲಿಸಿ ನೋಡಿ. ಇಷ್ಟವಾಗಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಅದು ಎಲ್ಲಿಗೂ ಹೋಗುತ್ತಿಲ್ಲ ಎಂಬ ಮಾತು ಮಾತ್ರ ನಿಲ್ಲಲಾರದು.

ಇನ್ನೊಂದು ಮಾತು. ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಮೆಲುದನಿಯ ಅಂಚಿನಲ್ಲಿ ನಡೆಯುವ ಸಂಗೀತ ಅಲ್ಲಿ ಅರ್ಧಕ್ಕರ್ಧ ಕಾಣೆಯಾಗಿ, ಗರಗರ ಮಾತ್ರ ಉಳಿಯುತ್ತದೆ.

ಹಳೆಯ ರೇಡಿಯೊ

ಚರ್ಚೆ ಸೊಗಸಾಗಿದೆ. ನನಗೆ ಅನಿಸುವಂತೆ ಇಷ್ಟೆಲ್ಲ ತಾಂತ್ರಿಕ ವಿವರಣೆಯೇ ಬೇಡ. ಉತ್ತರದ ದೀರ್ಘ ರಾತ್ರಿ, ಹಿಮ ಮುಚ್ಚಿದ ಸರೋವರ, ಕೊನೆಯಿಲ್ಲದ ಕಾಡು, ಇವುಗಳ ಏಕಾಂತವೇ ಒಂಟಿ ವಯೊಲಿನ್‌ನಲ್ಲಿ ಮಾತನಾಡುತ್ತಿದೆ ಎಂದುಕೊಂಡು ಕೇಳಿದರೆ ಎಲ್ಲವೂ ತಾನಾಗಿ ಅರ್ಥವಾಗುತ್ತದೆ.

ಟಾಂಪೆರೆಯಿಂದ

ಹಳೆಯ ರೇಡಿಯೊ ಅವರೇ, ತಮ್ಮ ಮೇಲೆ ಗೌರವವಿಟ್ಟುಕೊಂಡೇ ಭಿನ್ನಾಭಿಪ್ರಾಯ ಸೂಚಿಸುತ್ತೇನೆ. ಇಲ್ಲಿ ಫಿನ್ಲೆಂಡಿಗೆ ಬಂದು ನೆಲೆಸಿದ ಮೇಲೆ ನನಗೆ ಹಿಮವೂ ಕಾಡೂ ಸಾಕಷ್ಟು ಪರಿಚಯವಾಗಿವೆ. ಆದರೆ ಮೇಲೆ ಹೆಸರಿಸಿದ ಎರಡು ಕೃತಿಗಳನ್ನು ಅವುಗಳಿಂದ ವಿವರಿಸಲು ಹೊರಟರೆ ಕೃತಿಗಳೇ ಕೈಬಿಟ್ಟು ಹೋಗುತ್ತವೆ. ಒಂದನ್ನು ಪ್ಯಾರಿಸ್‌ನಲ್ಲಿ ನೆಲೆಸಿದ್ದ ಮಹಿಳೆ ಪೋಲೆಂಡಿನ ಹಿರಿಯರೊಬ್ಬರ ನೆನಪಿಗೆ ಬರೆದರು. ಇನ್ನೊಂದನ್ನು ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತಿದ್ದವರು, ವಿಯೆನ್ನಾದ ರಚನಕಾರನಿಂದ ಶೀರ್ಷಿಕೆ ಎರವಲು ಪಡೆದು, ತೈವಾನಿನಲ್ಲಿ ಹುಟ್ಟಿದ ವಾದಕನಿಗಾಗಿ ಬರೆದರು. ಇದರಲ್ಲಿ ಸರೋವರ ಎಲ್ಲಿದೆ?

ನಿಸರ್ಗದ ಮಾತು ಪೂರ್ತಿ ಸುಳ್ಳೆಂದಲ್ಲ. ಐನೊಯುಹಾನಿ ರೌತವಾರಾ ಅವರ 1972ರ ‘ಕಾಂತುಸ್ ಆರ್ಕ್ಟಿಕುಸ್’ನಲ್ಲಿ ಉತ್ತರ ಫಿನ್ಲೆಂಡಿನ ಹಕ್ಕಿಗಳ ಧ್ವನಿಮುದ್ರಣವೇ ವಾದ್ಯವೃಂದದ ಜೊತೆ ಕೇಳಿಬರುತ್ತದೆ. ಆದರೆ ವಯೊಲಿನ್ ರಚನೆಗಳ ಹಿಂದಿರುವ ಫಿನ್ಲೆಂಡ್ ಬೇರೆಯದು. ಅದು ಶಾಲೆಗಳ ಫಿನ್ಲೆಂಡ್. 1960ರ ದಶಕದ ಕೊನೆಯಿಂದ ಸರ್ಕಾರ ಹಣ ಒದಗಿಸಿ ದೇಶದುದ್ದಕ್ಕೂ ಸಂಗೀತ ಶಾಲೆಗಳ ಜಾಲವನ್ನು ಬೆಳೆಸಿತು. ಚಿಕ್ಕ ಊರಿನ ಮಗುವಿಗೂ ವಯೊಲಿನ್ ಪಾಠ ಸಿಗತೊಡಗಿತು. ಹೆಲ್ಸಿಂಕಿಯ ಸಿಬೆಲಿಯುಸ್ ಅಕಾಡೆಮಿಯಲ್ಲಿ ಪಾವೊ ಹೈನಿನೆನ್ ಅವರಂಥ ಕಟ್ಟುನಿಟ್ಟಿನ ಗುರುಗಳ ಬಳಿ ಕಲಿತ ತರುಣರು 1977ರಲ್ಲಿ ‘ಕೊರ್ವತ್ ಔಕಿ’ ಎಂಬ ಸಂಘ ಕಟ್ಟಿದರು. ಕಿವಿ ತೆರೆಯಿರಿ ಎಂಬುದು ಆ ಹೆಸರಿನ ಭಾವ. ಸಾರಿಯಾಹೊ, ಸಾಲೊನೆನ್, ಮಾಗ್ನುಸ್ ಲಿಂಡ್‌ಬೆರಿ ಎಲ್ಲರೂ ಅಲ್ಲಿಂದ ಹೊರಟವರೇ. ತಮ್ಮ ಹಿರಿಯರು ಸಿಬೆಲಿಯುಸ್‌ನ ನೆರಳಿನಲ್ಲಿ ಕಾಡು ಸರೋವರಗಳನ್ನೇ ನೆಚ್ಚಿಕೊಂಡು ಕುಳಿತಿದ್ದಾರೆ, ಯೂರೋಪಿನಲ್ಲಿ ನಡೆಯುತ್ತಿರುವುದು ಇಲ್ಲಿಗೆ ತಲುಪುತ್ತಿಲ್ಲ ಎಂಬುದೇ ಅವರ ಅಸಮಾಧಾನವಾಗಿತ್ತು. ಅಂಥವರ ಸಂಗೀತಕ್ಕೆ ನಾವು ಮತ್ತೆ ಅದೇ ಕಾಡನ್ನು ಅಂಟಿಸುವುದು ತುಸು ವಿಚಿತ್ರ.

ಹಳೆಯ ರೇಡಿಯೊ

ತಾವು ಹೇಳುವ ಚರಿತ್ರೆಯನ್ನು ಒಪ್ಪುತ್ತೇನೆ. ಆದರೂ ಕೇಳುವವನ ಮನಸ್ಸಿನಲ್ಲಿ ಮೂಡುವ ಚಿತ್ರಕ್ಕೆ ರಚನಕಾರರ ಅಪ್ಪಣೆ ಬೇಕಿಲ್ಲ ಎಂಬ ನನ್ನ ಹಟವನ್ನು ಬಿಡಲಾರೆ. ಅದಿರಲಿ, ಈ ಗುಂಪಿಗೆ ಮೊದಲು ಏನೂ ಇರಲಿಲ್ಲವೇ? 1977ಕ್ಕೂ ಹಿಂದಿನ ಒಂಟಿ ವಯೊಲಿನ್ ಕೃತಿಗಳ ಬಗ್ಗೆ ಯಾರೂ ಬರೆದಿಲ್ಲ.

ಟಾಂಪೆರೆಯಿಂದ

ಇತ್ತು, ಮತ್ತು ಅದರ ಹುಟ್ಟಿಗೆ ಒಂದು ಸ್ಪರ್ಧೆಯೇ ಹೆಚ್ಚಿನ ಪಾಲು ಕಾರಣ. ಸಿಬೆಲಿಯುಸ್ ಹುಟ್ಟಿ ನೂರು ವರ್ಷ ತುಂಬಿದ 1965ರಲ್ಲಿ ಹೆಲ್ಸಿಂಕಿಯಲ್ಲಿ ಅವರ ಹೆಸರಿನ ಅಂತರರಾಷ್ಟ್ರೀಯ ವಯೊಲಿನ್ ಸ್ಪರ್ಧೆ ಆರಂಭವಾಯಿತು. ಐದು ವರ್ಷಕ್ಕೊಮ್ಮೆ ನಡೆಯುವ ಅದರಲ್ಲಿ ಮೊದಲ ಬಾರಿ ಗೆದ್ದವರು ಸೋವಿಯತ್ ಒಕ್ಕೂಟದ ಓಲೆಗ್ ಕಗಾನ್. ಬೇರೆ ದೇಶಗಳಿಂದ ಬರುವ ವಾದಕರೆಲ್ಲರೂ ಹೊಸ ಫಿನ್ನಿಶ್ ಕೃತಿಯೊಂದನ್ನು ಕಲಿತು ನುಡಿಸಲೇಬೇಕೆಂಬ ಪದ್ಧತಿ ಅದಕ್ಕಿದೆ. ಒಂದು ಸಣ್ಣ ದೇಶ ತನ್ನ ಸಂಗೀತವನ್ನು ಲೋಕದ ಬೆರಳುಗಳಿಗೆ ಸೇರಿಸಿದ ಜಾಣ ಉಪಾಯ ಇದೆಂದು ನನ್ನ ಅಭಿಪ್ರಾಯ. ಔಲಿಸ್ ಸಲ್ಲಿನೆನ್ ಅವರ ‘ಕಾದೆಂಝೆ’ 1965ರದು. ರೌತವಾರಾ ಅವರ ‘ವಾರಿಯೆತ್ಯೂದ್’ 1974ರಲ್ಲಿ ಬರೆದು ಮರುವರ್ಷದ ಸ್ಪರ್ಧೆಗೆ ಒದಗಿದ್ದು. ಎರಡೂ ವಯೊಲಿನ್ ಒಂದಕ್ಕೇ ಬರೆದವು.

ಸ್ಪರ್ಧೆಗೆಂದು ಬರೆದ ಕೃತಿಗಳಲ್ಲಿ ಒಂದು ತೊಡಕು ಸಹಜವಾಗಿ ಇರುತ್ತದೆ: ತೀರ್ಪುಗಾರರಿಗೆ ವಾದಕನ ಎಲ್ಲ ಕೌಶಲಗಳೂ ಕೆಲವೇ ನಿಮಿಷಗಳಲ್ಲಿ ಕಾಣಬೇಕೆಂಬ ಒತ್ತಡದಿಂದ ಸಂಗೀತ ತುಂಡುತುಂಡಾಗುತ್ತದೆ. ರೌತವಾರಾ ಈ ಅನಿವಾರ್ಯವನ್ನೇ ರೂಪವಾಗಿಸಿಕೊಂಡು, ಒಂದೊಂದು ರೂಪಾಂತರವೂ ಒಂದೊಂದು ಅಭ್ಯಾಸಪಾಠವಾಗುವಂತೆ ಬರೆದಿದ್ದಾರೆ. ಹಾಗಾಗಿ ಅದು ಪರೀಕ್ಷೆಯ ಕೋಣೆಯಿಂದ ಹೊರಗೂ ಬದುಕಿದೆ.

ಅಂದಹಾಗೆ ಆ ಸ್ಪರ್ಧೆಯನ್ನು ಫಿನ್ಲೆಂಡಿನವರೊಬ್ಬರು ಮೊದಲ ಬಾರಿಗೆ ಗೆದ್ದದ್ದು 1995ರಲ್ಲಿ, ಪೆಕ್ಕಾ ಕೂಸಿಸ್ತೊ. ಅವರೇ 2016ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ಚೈಕೊವ್ಸ್ಕಿ ಕಾನ್ಚೆರ್ಟೊ ಮುಗಿಸಿದ ಮೇಲೆ ಫಿನ್ನಿಶ್ ಜನಪದ ಗೀತೆಯೊಂದನ್ನು ತಾವೇ ಹಾಡಿ, ನುಡಿಸಿ, ತುಂಬಿದ ಸಭೆಯಿಂದಲೂ ಹಾಡಿಸಿದರು. ಹಳೆಯ ರೇಡಿಯೊ ಅವರ ಮನಸ್ಸಿಗೆ ಅದು ಹಿಡಿಸೀತು.

ಮಲ್ಲೇಶ್ವರದ ಕೇಳುಗ

ಎಲ್ಲರಿಗೂ ವಂದನೆಗಳು. ಒಂಟಿ ಕಮಾನು ಅವರು ಹೇಳಿದಂತೆ ಸಾಲೊನೆನ್ ಕೃತಿಯ ಆರಂಭವನ್ನು ಮನನ ಮಾಡಿಕೊಂಡು ಮುಂದೆ ಹೋದೆ. ವೇಗ ಹೆಚ್ಚಿದಾಗಲೂ ಅದೇ ಸರಣಿ ಒಳಗೆ ಸುತ್ತುತ್ತಿರುವುದು ಗುರುತು ಸಿಕ್ಕಿದ್ದರಿಂದ ಬಹಳ ಸಂತೋಷವಾಯಿತು. ಅದನ್ನು ಕೇಳುತ್ತಿರುವಾಗ ಬಾಖ್ ಅವರು ಒಂಟಿ ವಯೊಲಿನ್‌ಗೆ ಬರೆದ ಹಲವು ಭಾಗಗಳ ಡಿ ಮೈನರ್ ಪಾರ್ಟಿಟಾದ ಕೊನೆಯಲ್ಲಿ ಬರುವ ಶಕಾನ್ ಮತ್ತೆ ಮತ್ತೆ ನೆನಪಾಯಿತು. ಇದು ನನ್ನ ಕಲ್ಪನೆಯೋ, ಅಥವಾ ಇವರೆಲ್ಲರೂ ನಿಜವಾಗಿಯೂ ಬಾಖ್‌ನ ಕಡೆ ನೋಡುತ್ತಿದ್ದಾರೋ?

ಒಂಟಿ ಕಮಾನು

ಕಲ್ಪನೆಯಲ್ಲ. ಒಂಟಿ ವಯೊಲಿನ್‌ಗೆ ಬರೆಯಲು ಕುಳಿತ ಯಾರೂ ಬಾಖ್ ಅವರ 1720ರ ಆ ಆರು ಸೊನಾಟಾ ಮತ್ತು ಪಾರ್ಟಿಟಾಗಳನ್ನು ಬಳಸಿ ಹೋಗಲಾರರು. ನಾಲ್ಕು ತಂತಿಗಳನ್ನು ಕಮಾನು ಒಟ್ಟಿಗೆ ಹಿಡಿದು ನಿಲ್ಲಿಸಲಾರದು. ಎರಡು ಸ್ವರ ನಿಜವಾಗಿ ಕೇಳಿಸಿ, ಉಳಿದವನ್ನು ಕೇಳುಗನ ನೆನಪೇ ತುಂಬಿಕೊಳ್ಳುವಂತೆ ಬರೆಯಬೇಕು. ಆ ವಿದ್ಯೆಯ ಪಾಠಶಾಲೆ ಬಾಖ್.

ಇದಕ್ಕೆ ನೇರ ಸಾಕ್ಷಿ ಬೇಕಿದ್ದರೆ ಸಾರಿಯಾಹೊ ಅವರ 2011ರ ‘ಫ್ರೀಜ್’ ಕೇಳಿ. ಪ್ಯಾರಿಸ್ಸಿನ ವಯೊಲಿನ್ ವಾದಕ ರಿಷಾರ್ ಶ್ಮುಕ್ಲೆರ್ ಅವರು ಬಾಖ್‌ನ ಅದೇ ಶಕಾನ್ ಮುಗಿದ ಬೆನ್ನಿಗೆ ನುಡಿಸುವಂಥ ಕೃತಿಯೊಂದು ಬೇಕೆಂದು ಕೇಳಿ ಬರೆಸಿದ್ದು. ಬಾಖ್ ಕೃತಿ ಯಾವ ಡಿ ಸ್ವರದಲ್ಲಿ ವಿರಮಿಸುತ್ತದೋ ಅದೇ ಸ್ವರದಿಂದ ‘ಫ್ರೀಜ್’ ಹೊರಡುತ್ತದೆ. ನಾಲ್ಕು ಭಾಗಗಳಿವೆ, ಅವು ಬೇರೆ ಬೇರೆ ಬಗೆಯಲ್ಲಿ ಆವರ್ತನ ಮತ್ತು ರೂಪಾಂತರದ ಹಳೆಯ ಪದ್ಧತಿಗಳನ್ನು ಕೈಗೆತ್ತಿಕೊಳ್ಳುತ್ತವೆ. ವಯೊಲಿನ್ ಜೊತೆಗೆ ಎಲೆಕ್ಟ್ರಾನಿಕ್ಸ್ ಇದೆ: ಮೊದಲೇ ಸಿದ್ಧಪಡಿಸಿದ ನಾದಗಳನ್ನು ವಾದಕರೇ ನುಡಿಸುತ್ತ ನುಡಿಸುತ್ತ ಚಾಲೂ ಮಾಡುತ್ತಾರೆ, ಮತ್ತು ವಯೊಲಿನ್ ದನಿಯೂ ಅಲ್ಲಲ್ಲೇ ಸಂಸ್ಕರಣೆಗೊಂಡು ಸಭಾಂಗಣದಲ್ಲಿ ಹರಡುತ್ತದೆ. ನಿಮ್ಮಂಥ ಕಿವಿಗೆ ಇದರ ಮೊದಲ ಭಾಗವೇ ಹತ್ತಿರವಾದೀತೆಂದು ನನ್ನ ಊಹೆ. ಒಂದೇ ಆಧಾರಸ್ವರ ಬಹಳ ಹೊತ್ತು ಉಳಿದು, ಅದರ ಸುತ್ತ ಮಾತ್ರ ಬಣ್ಣ ಬದಲಾಗುತ್ತ ಹೋಗುತ್ತದೆ.

ಶ್ರುತಿಬದ್ಧ

‘ಫ್ರೀಜ್’ ಮೊದಲ ಭಾಗ ಕೇಳಿದೆ. ‘ನೊಕ್ಟ್ಯೂರ್ನ್’ಗಿಂತ ಇದರಲ್ಲಿ ನನಗೆ ಉಸಿರಾಡಲು ಜಾಗ ಸಿಕ್ಕಿತು, ಆದರೆ ಎಲೆಕ್ಟ್ರಾನಿಕ್ಸ್ ಇದ್ದ ಮೇಲೆ ಇದನ್ನು ಒಂಟಿ ವಯೊಲಿನ್ ಎಂದು ಕರೆಯುವುದಕ್ಕೆ ನನ್ನ ತಕರಾರಿದೆ. ತಂಬೂರಿ ಇಟ್ಟುಕೊಂಡ ಮೇಲೆ ನೆಲೆ ಸಿಕ್ಕಿತೆಂದು ಹೊಗಳಿದರೆ ಆ ಶ್ರೇಯಸ್ಸು ತಂಬೂರಿಗೂ ಸೇರಬೇಕಲ್ಲವೇ?

ಇನ್ನೊಂದು ವಿಚಾರಣೆ. ಫಿನ್ಲೆಂಡಿನ ಈ ಪೀಳಿಗೆಯಲ್ಲಿ ನಮ್ಮ ಸಂಗೀತವನ್ನು ಅರಿತವರು ಯಾರಾದರೂ ಇದ್ದಾರೆಯೇ?

ಟಾಂಪೆರೆಯಿಂದ

ಇದ್ದಾರೆ. ‘ಕೊರ್ವತ್ ಔಕಿ’ ಬಳಗದವರೇ ಆದ ಏರೊ ಹ್ಯಾಮೇನ್ನಿಯೆಮಿ, 1951ರಲ್ಲಿ ಹುಟ್ಟಿದವರು. ದಕ್ಷಿಣ ಭಾರತದ ಸಂಗೀತದ ಒಡನಾಟವನ್ನು ಹಲವು ದಶಕಗಳಿಂದ ಇಟ್ಟುಕೊಂಡಿದ್ದಾರೆ. ಮೃದಂಗ ವಿದ್ವಾನ್ ಕಾರೈಕುಡಿ ಮಣಿ ಮತ್ತು ಗಾಯಕಿ ಬಾಂಬೆ ಜಯಶ್ರೀ ಅವರೊಡನೆ ಕೆಲಸ ಮಾಡಿದ್ದಾರೆ, ಹಳೆಯ ತಮಿಳು ಕಾವ್ಯವನ್ನು ಫಿನ್ನಿಶ್‌ಗೆ ತಂದಿದ್ದಾರೆ. ಜಯಶ್ರೀ ಅವರಿಗೂ ಫಿನ್ನಿಶ್ ವಾದ್ಯವೃಂದಕ್ಕೂ ಬರೆದ ‘ಯಾದುಂ ಊರೇ’ ಈ ಒಡನಾಟದ ಫಲ. ಅದು ವಯೊಲಿನ್ ಕೃತಿಯಲ್ಲವಾದ್ದರಿಂದ ಇಲ್ಲಿ ಹೆಚ್ಚು ಬೆಳೆಸುವುದಿಲ್ಲ, ಬೇರೆ ಚರ್ಚೆ ಆರಂಭಿಸಿದರೆ ಸಂತೋಷದಿಂದ ಸೇರಿಕೊಳ್ಳುತ್ತೇನೆ.

ಜನಪದ ಪಿಟೀಲಿನ ದಾರಿಯೂ ಇದೆ. ಕೌಸ್ತಿನೆನ್ ಎಂಬ ಪುಟ್ಟ ಊರಿನ ಪಿಟೀಲು ಪರಂಪರೆ 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿ ಸ್ವರಲಿಪಿಗಿಂತ ಕಿವಿಯಿಂದ ಕಿವಿಗೆ ಕಲಿಯುವುದೇ ಮುಖ್ಯ.

ಒಂಟಿ ಕಮಾನು

ಶ್ರುತಿಬದ್ಧ ಅವರ ತಂಬೂರಿಯ ತಕರಾರು ಸರಿಯಾಗಿಯೇ ಇದೆ. ಎಲೆಕ್ಟ್ರಾನಿಕ್ಸ್ ಒಲ್ಲದವರಿಗೆ ಕಾಲೆವಿ ಆಹೊ ಇದ್ದಾರೆ. 1949ರಲ್ಲಿ ಫೊರ್ಸಾ ಎಂಬ ಊರಿನಲ್ಲಿ ಹುಟ್ಟಿದ ಆಹೊ ಸ್ವತಃ ವಯೊಲಿನ್ ಕಲಿತವರು, ರೌತವಾರಾ ಅವರ ಶಿಷ್ಯರು. ಇಪ್ಪತ್ತನಾಲ್ಕನೆಯ ವಯಸ್ಸಿನ ಆಸುಪಾಸಿನಲ್ಲಿ, 1973ರಲ್ಲಿ, ಅವರು ಬರೆದ ಒಂಟಿ ವಯೊಲಿನ್ ಸೊನಾಟಾದಲ್ಲಿ ವಾದ್ಯವನ್ನು ಬೆರಳಿನಿಂದ ಬಲ್ಲವನ ಕೈ ಕಾಣುತ್ತದೆ: ಕಷ್ಟವಿದ್ದರೂ ಕೈಗೆ ವಿರುದ್ಧವಾಗಿಲ್ಲ. ಎರಡು ವರ್ಷದ ನಂತರ ‘ಸೋಲೊ’ ಸರಣಿಯ ಮೊದಲನೆಯ ಕೃತಿಯನ್ನೂ ವಯೊಲಿನ್‌ಗೇ ಬರೆದರು. ಆ ಸರಣಿ ಮುಂದೆ ಪಿಯಾನೊ, ಕೊಳಲು, ಚೆಲ್ಲೊಗಳತ್ತ ಹೊರಳಿತು. ಗೆಳೆಯ, ರಚನಕಾರ ಪೆರ್ ಹೆನ್ರಿಕ್ ನೂರ್ಡ್‌ಗ್ರೆನ್ 2008ರಲ್ಲಿ ತೀರಿಕೊಂಡಾಗ ಅವರ ನೆನಪಿಗೆ 2009ರಲ್ಲಿ ಮತ್ತೆ ಒಂಟಿ ವಯೊಲಿನ್‌ಗೆ ಮರಳಿದರು. ಸಾರಿಯಾಹೊ ಅವರ ‘ನೊಕ್ಟ್ಯೂರ್ನ್’ ಜೊತೆಗೆ ಇದನ್ನಿಟ್ಟು ಕೇಳಿದರೆ, ಸಹಕಲಾವಿದನ ಸಾವಿಗೆ ಇಬ್ಬರು ಫಿನ್ನಿಶ್ ರಚನಕಾರರು ಒಂದೇ ವಾದ್ಯದಲ್ಲಿ ಎಷ್ಟು ಬೇರೆಯಾಗಿ ಸ್ಪಂದಿಸಿದ್ದಾರೆಂದು ತಿಳಿಯುತ್ತದೆ.

ಕೇಳುಗ ಅವರಿಗೆ ಒಂದು ಪ್ರಾಯೋಗಿಕ ಸೂಚನೆ. ವಯೊಲಿನ್ ವಾದಕಿ ಜೆನಿಫರ್ ಕೋ ಅವರ ‘ಬಾಖ್ ಅಂಡ್ ಬಿಯಾಂಡ್’ ಎಂಬ ಧ್ವನಿಮುದ್ರಿಕೆಯ ಮೊದಲ ಭಾಗದಲ್ಲಿ ಬಾಖ್‌ನ ಡಿ ಮೈನರ್ ಪಾರ್ಟಿಟಾ, ‘ನೊಕ್ಟ್ಯೂರ್ನ್’, ‘ಲಾಹೆನ್ ಫರ್ಲೆರ್ನ್ಟ್’ ಮೂರೂ ಒಟ್ಟಿಗೆ ಸಿಗುತ್ತವೆ. ಪ್ರಕಟಿತ ಸ್ವರಲಿಪಿಗಳ ವಿವರ ಬೇಕಿದ್ದವರು ಮ್ಯೂಸಿಕ್ ಫಿನ್ಲೆಂಡ್ ಸಂಸ್ಥೆಯ ಕೃತಿಸೂಚಿಯಲ್ಲಿ ವಾದ್ಯದ ಹೆಸರು ಹಾಕಿ ಹುಡುಕಬಹುದು.

ಶ್ರುತಿಬದ್ಧ

ಆಹೊ ಅವರ ಸೊನಾಟಾವನ್ನು ಈ ವಾರ ಕೇಳುತ್ತೇನೆ. ‘ನೊಕ್ಟ್ಯೂರ್ನ್’ ಅನ್ನೂ ಹೆಡ್‌ಫೋನಿನಲ್ಲಿ ಮತ್ತೊಮ್ಮೆ ಹಾಕಿಕೊಂಡೆ. ಕದಡುವಿಕೆ ಮತ್ತು ತಿಳಿಯಾಗುವಿಕೆಯನ್ನು ಹಿಂಬಾಲಿಸಿದಾಗ ಅದರ ನಡೆ ಗೊತ್ತಾಯಿತು ಎಂಬುದನ್ನು ಹೇಳಲೇಬೇಕು. ಇಷ್ಟವಾಯಿತೇ ಎಂದು ಮಾತ್ರ ಈಗಲೇ ಕೇಳಬೇಡಿ.